ತೋಟದ ಪೆಟ್ಟಿಗೆಗೆ ಕನ್ನಡ ಅಕ್ಷರ: ಮನೆಯಲ್ಲೇ ಫಲಕ ತಯಾರಿಸುವ ಬಗೆ

ವಿಜಯಪುರದಿಂದ ಸೊಲ್ಲಾಪುರದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 52ರಲ್ಲಿ, ಇಂಡಿ ಮತ್ತು ಚಡಚಣದ ದಾರಿಗಳು ಕೂಡುವಲ್ಲಿ ಝಳಕಿ ಇದೆ. ಅಲ್ಲಿಂದ ಯಾವ ದಿಕ್ಕಿಗೆ ಹೊರಳಿದರೂ ನಿಂಬೆ, ದ್ರಾಕ್ಷಿ, ದಾಳಿಂಬೆಯ ತೋಟಗಳು ಕಾಣುತ್ತವೆ. ತೋಟವಿದ್ದಲ್ಲಿ ಕೊಳವೆಬಾವಿ, ಕೊಳವೆಬಾವಿ ಇದ್ದಲ್ಲಿ ಕಂಬಕ್ಕೋ ಗೋಡೆಗೋ ತೂಗುಬಿದ್ದ ಒಂದು ತಗಡಿನ ಪೆಟ್ಟಿಗೆ. ಮೋಟಾರಿನ ಜೀವ ಆ ಪೆಟ್ಟಿಗೆಯಲ್ಲಿದೆ.

ಪೆಟ್ಟಿಗೆಯ ಮೂಲ ಸ್ಟಾರ್ಟರ್ ಕಾರ್ಖಾನೆಯದಾದರೂ ಅದಕ್ಕೆ ಸೇರಿಸಿದ ಸಾಧನಗಳು ಹಲವೆಡೆ ಸ್ಥಳೀಯರ ಕೈಕೆಲಸವೇ. ವಿದ್ಯುತ್ ಬಂದೊಡನೆ ಮೋಟಾರನ್ನು ತಾನಾಗಿ ಚಾಲನೆಗೊಳಿಸುವುದು, ಮೊಬೈಲ್ ಕರೆಗೆ ಓಗೊಡುವುದು, ನಿಗದಿತ ಹೊತ್ತಿನ ನಂತರ ನಿಲ್ಲಿಸುವುದು, ಬಾವಿಯ ನೀರು ತಗ್ಗಿದರೆ ಮೋಟಾರನ್ನು ಕಾಯುವುದು – ಇಂಥ ಸರ್ಕ್ಯೂಟುಗಳನ್ನು ಐಟಿಐ, ಡಿಪ್ಲೊಮಾ ಓದಿದ ತರುಣರು ಬಿಡಿಭಾಗ ತಂದು ಜೋಡಿಸಬಲ್ಲರು. ಬೆಸುಗೆ ಅಚ್ಚುಕಟ್ಟಾಗಿರುತ್ತದೆ, ತಂತಿಗಳು ಸಾಲಾಗಿ ಕುಳಿತಿರುತ್ತವೆ. ಆದರೆ ಬಾಗಿಲು ಮುಚ್ಚಿದರೆ ಹೊರಗೆ ಬೋಳು ತಗಡು, ನಾಲ್ಕು ಗುಂಡಿ, ಮೂರು ದೀಪ. ಯಾವುದು ಏನೆಂಬುದಕ್ಕೆ ಮಾರ್ಕರ್ ಪೆನ್ನಿನ ಗೀಚು. ವಿಜಯಪುರದ ಬಿಸಿಲಿನಲ್ಲಿ ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಆ ಗೀಚೂ ಅಳಿಸಿಹೋಗುತ್ತದೆ.

ಇದು ಬರಿಯ ಅಂದಚೆಂದದ ಪ್ರಶ್ನೆಯಲ್ಲ. ಸರ್ಕ್ಯೂಟ್ ಕಟ್ಟಿದವನಿಗೆ ಫಲಕದ ಅಕ್ಷರ ಬೇಕಿಲ್ಲ. ಅವನಿಗೆ ಎಲ್ಲವೂ ಕಂಠಪಾಠ. ಅಕ್ಷರ ಬೇಕಾದದ್ದು ಅವನಿಲ್ಲದ ಹೊತ್ತಿನಲ್ಲಿ ಪೆಟ್ಟಿಗೆಯ ಮುಂದೆ ನಿಲ್ಲುವ ತೋಟದ ಆಳಿಗೆ, ಮನೆಯ ಹೆಣ್ಣುಮಗಳಿಗೆ, ಶಾಲೆಗೆ ಹೋಗುವ ಹುಡುಗನಿಗೆ. ಮೂರು ಫೇಸಿನ ವಿದ್ಯುತ್ತಿನಲ್ಲಿ ಒಂದು ಫೇಸ್ ಕಡಿದುಹೋದಾಗ ಮೋಟಾರು ಓಡುತ್ತಿದ್ದರೆ ಉಳಿದೆರಡು ಫೇಸುಗಳ ಮೇಲೆ ಹೊರೆ ಏರಿ, ಸುರುಳಿಗಳು ಕಾದು, ಕೊನೆಗೆ ಸುಟ್ಟುಹೋಗುತ್ತವೆ. ಕೊಳವೆಬಾವಿಯ ಆಳದಿಂದ ಮೋಟಾರನ್ನು ಮೇಲೆತ್ತಿ, ಮರುಸುತ್ತಿಸಿ, ಮತ್ತೆ ಇಳಿಸುವ ವೆಚ್ಚವೆಷ್ಟೆಂದು ರೈತರಿಗೆ ಹೇಳಬೇಕಾಗಿಲ್ಲ. ಫೇಸ್ ತಪ್ಪಿದ್ದನ್ನು ತಿಳಿಸಲೆಂದೇ ಕೆಂಪು, ಹಳದಿ, ನೀಲಿ ದೀಪಗಳಿರುತ್ತವೆ. ಆದರೆ ಆರಿದ ದೀಪಕ್ಕೆ ಬಣ್ಣವೆಲ್ಲಿ? ಬೇಸಿಗೆಯ ಬಿಸಿಲಿಗೆ ಮಾಸಿದ ಮೂರು ಗಾಜುಗಳಲ್ಲಿ ಆರಿರುವುದು ಯಾವುದೆಂದು ಫೋನಿನಲ್ಲಿ ಹೇಳಬೇಕಾದಾಗ, ದೀಪದ ಮೇಲೆ ಬರೆದ ಹೆಸರೇ ಗತಿ.

ಕಾನೂನಿಗೂ ಈ ಮಾತು ಅಪರಿಚಿತವಲ್ಲ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳ 35ನೆಯ ನಿಯಮವು ಅಪಾಯಸೂಚನೆಯ ಫಲಕವನ್ನು ಹಿಂದಿ ಅಥವಾ ಇಂಗ್ಲಿಷಿನ ಜೊತೆಗೆ ಆಯಾ ಜಿಲ್ಲೆಯ ಸ್ಥಳೀಯ ಭಾಷೆಯಲ್ಲಿಯೂ ಬರೆದು, ತಲೆಬುರುಡೆ ಮತ್ತು ಎಲುಬುಗಳ ಚಿಹ್ನೆಯೊಡನೆ ಶಾಶ್ವತವಾಗಿ ಕೂಡಿಸಬೇಕೆಂದು ವಿಧಿಸಿತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ನಿಯಮಾವಳಿಯೂ 250 ವೋಲ್ಟ್ ಮೀರಿದ ಸ್ಥಾವರಗಳಿಗೆ ಅದನ್ನೇ ಹೇಳಿತು. ಪಂಪ್‌ಸೆಟ್ಟಿಗೆ ಬರುವುದು 415 ವೋಲ್ಟ್. ‘ಅಪಾಯ’ ಎಂಬುದನ್ನು ಕನ್ನಡದಲ್ಲಿ ಬರೆದ ಮೇಲೆ, ಅಪಾಯ ತಪ್ಪಿಸುವ ಗುಂಡಿಯ ಹೆಸರು ಇಂಗ್ಲಿಷಿನಲ್ಲಿ ಮಾತ್ರ ಇರಬೇಕೆಂಬುದರಲ್ಲಿ ಅರ್ಥವಿಲ್ಲ.

ರೋಮನ್ ಲಿಪಿಗೆ ಹುಟ್ಟಿದ ಉಪಕರಣಗಳು

ಹವ್ಯಾಸಿಗಳು ಫಲಕ ಬರೆಯಲು ದಶಕಗಳಿಂದ ಬಳಸಿದ ವಿಧಾನಗಳೆಲ್ಲ ಇಂಗ್ಲಿಷ್ ಅಕ್ಷರಗಳ ಅಳತೆಗೆ ಹೊಲಿದವು. 1960ರ ದಶಕದಲ್ಲಿ ಬ್ರಿಟನ್ನಿನ ಲೆಟ್ರಾಸೆಟ್ ಜನಪ್ರಿಯಗೊಳಿಸಿದ, ಹಾಳೆಯಿಂದ ಒಂದೊಂದೇ ಅಕ್ಷರವನ್ನು ಉಜ್ಜಿ ಅಂಟಿಸುವ ಕ್ರಮವನ್ನು ನೋಡಿ. ಡೈಮೊ ಎಂಬ ಕೈಯಂತ್ರವನ್ನು ನೋಡಿ: ಚಕ್ರದಲ್ಲಿ 26 ಅಕ್ಷರ, 10 ಅಂಕೆ, ನಾಲ್ಕಾರು ಚಿಹ್ನೆ, ಬೇಕಾದ ಅಕ್ಷರಕ್ಕೆ ತಿರುಗಿಸಿ ಒತ್ತಿದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಉಬ್ಬಿದ ಬಿಳಿ ಅಕ್ಷರ ಮೂಡುತ್ತದೆ. ಕನ್ನಡಕ್ಕೆ ಇಂಥ ಚಕ್ರ ಸಾಕಾಗದು. 34 ವ್ಯಂಜನಗಳಿಗೆ 13 ಸ್ವರ ಸೇರಿದರೆ ಕಾಗುಣಿತವೊಂದೇ 442 ರೂಪಗಳಾಗುತ್ತದೆ. ಒತ್ತಕ್ಷರಗಳ ಲೆಕ್ಕ ಬೇರೆ.

ಒತ್ತಕ್ಷರವೇ ನಿಜವಾದ ತೊಡಕು. ಮುಖ್ಯ ಅಕ್ಷರದ ಕೆಳಗೆ, ಅದಕ್ಕಿಂತ ಚಿಕ್ಕದಾಗಿ ಕೂರುವ ಈ ರೂಪದ ಗೆರೆಗಳು ಇಕ್ಕಟ್ಟಾಗಿರುತ್ತವೆ. ಮುಖ್ಯ ಅಕ್ಷರ ಚೆನ್ನಾಗಿ ಮೂಡಿದಾಗಲೂ ಒತ್ತು ಮಸಿಯ ಮುದ್ದೆಯಾಗಬಹುದು. ಇನ್ನು ಚಿಕ್ಕ ಚಿಕ್ಕ ಗುರುತುಗಳ ಮೇಲೆ ನಿಂತ ವ್ಯತ್ಯಾಸಗಳು: ದಕಾರದ ಹೊಟ್ಟೆಯಲ್ಲಿ ಚುಕ್ಕೆ ಬಿದ್ದರೆ ಥ, ಕೆಳಗೆ ಸೀಳು ಬಂದರೆ ಧ. ‘ರ’ದ ತಲೆಕಟ್ಟು ಅಳಿಸಿದರೆ ಉಳಿಯುವುದು ಸೊನ್ನೆ. ಆದ್ದರಿಂದ ಇಂಗ್ಲಿಷ್ ಫಲಕಕ್ಕೆ ಸಾಕಾಗುವ ಅಕ್ಷರದ ಅಳತೆ ಕನ್ನಡಕ್ಕೆ ಸಾಲದು. ಓದುವ ದೂರದ ಇನ್ನೂರನೆಯ ಒಂದು ಭಾಗದಷ್ಟು ಎತ್ತರ ಅಕ್ಷರಕ್ಕಿರಲಿ ಎಂಬುದು ಕುಶಲಿಗಳ ಸ್ಥೂಲ ಲೆಕ್ಕ. ಅಂದರೆ ಒಂದು ಮೀಟರ್ ದೂರಕ್ಕೆ 5 ಮಿ.ಮೀ. ಕನ್ನಡದಲ್ಲಿ ಈ 5 ಮಿ.ಮೀ. ಮುಖ್ಯ ಅಕ್ಷರಕ್ಕೆ ಮಾತ್ರ. ಮೇಲಿನ ಗುಡಿಸಿಗೆ, ಕೆಳಗಿನ ಒತ್ತಿಗೆ ಸೇರಿ ಸಾಲಿಗೆ 10 ಮಿ.ಮೀ. ಬಿಡುವುದು ಕ್ಷೇಮ.

ಮೊದಲು ಪದ, ಆಮೇಲೆ ಅಕ್ಷರ

ಇಲ್ಲೊಂದು ಸುಲಭೋಪಾಯವಿದೆ, ಅದು ಕಂಪ್ಯೂಟರಿನಲ್ಲಿಲ್ಲ, ಊರ ಮಾತಿನಲ್ಲಿದೆ. ‘ಸ್ಟಾರ್ಟ್’ ಎಂದು ಬರೆದು ನೋಡಿ: ಸಕಾರದ ಕೆಳಗೆ ಟಕಾರದ ಒತ್ತು, ನಡುವೆ ರಕಾರದ ತೊಡಕು, ಕೊನೆಗೊಂದು ಪೊಳ್ಳು. ಗ್ರಾಂಥಿಕವಾಗಿ ‘ಪ್ರಾರಂಭ’, ‘ಸ್ಥಗಿತ’ ಎಂದರೂ ಒತ್ತು ತಪ್ಪುವುದಿಲ್ಲ. ಅಲ್ಲದೆ ತೋಟದಲ್ಲಿ ಯಾರೂ ಹಾಗೆ ಮಾತನಾಡುವುದಿಲ್ಲ. ಈ ಸೀಮೆಯ ಬಾಯಲ್ಲಿರುವುದು ‘ಚಾಲೂ’ ಮತ್ತು ‘ಬಂದ್’. ಎರಡರಲ್ಲೂ ಒತ್ತಕ್ಷರವಿಲ್ಲ, ಎರಡೂ ಗಿಡ್ಡ ಪದಗಳು, ನೋಡಲು ಒಂದಕ್ಕೊಂದು ಹೋಲುವುದಿಲ್ಲ. ಧೂಳಖೇಡದ ಬಳಿ ಭೀಮೆಯನ್ನು ದಾಟಿ ಕೆಲಸಕ್ಕೆ ಬರುವ ಮರಾಠಿಯವರಿಗೂ ಅವೇ ಪದಗಳು ಗೊತ್ತು. ಹಾಗೆಯೇ ‘ಕೆಂಪು’, ‘ಹಳದಿ’, ‘ನೀಲಿ’, ‘ನೀರು ಕಡಿಮೆ’ ಇವುಗಳಲ್ಲಿಯೂ ಒತ್ತಿಲ್ಲ. ಶುದ್ಧ ಪದವೋ ಎರವಲು ಪದವೋ ಎಂಬ ಚರ್ಚೆ ವೇದಿಕೆಗಿರಲಿ. ಫಲಕದ ಮೇಲೆ ಕತ್ತಲಲ್ಲಿ ಅರ್ಥವಾಗುವ ಪದವೇ ಸರಿಯಾದ ಪದ.

ಬಣ್ಣವನ್ನೇ ನಂಬಿ ಅಕ್ಷರವನ್ನು ಬಿಡುವುದು ತಪ್ಪು. ಚಾಲನೆಗೆ ಹಸಿರು, ನಿಲುಗಡೆಗೆ ಕೆಂಪು ಎಂಬುದು ನಮ್ಮಲ್ಲಿ ರೂಢಿ. ಆದರೆ ಕೆಂಪು-ಹಸಿರಿನ ಭೇದ ತಿಳಿಯದ ಕಣ್ಣುಗಳು, ವಿಶೇಷವಾಗಿ ಪುರುಷರಲ್ಲಿ, ಅಪರೂಪವೇನಲ್ಲ. ಓದು ಬಾರದವರಿಗಾಗಿ ಅಕ್ಷರದ ಪಕ್ಕದಲ್ಲಿ ಅಂತಾರಾಷ್ಟ್ರೀಯ ಚಿಹ್ನೆಗಳನ್ನೂ ಕೂಡಿಸಬಹುದು: ಚಾಲನೆಗೆ ನೆಟ್ಟನೆಯ ಗೆರೆ, ನಿಲುಗಡೆಗೆ ಸೊನ್ನೆ. ಟೈಮರಿನ ಗುಂಡಿಯ ಸುತ್ತಲಿನ ಅಂಕೆಗಳಿಗೆ ಮಾತ್ರ ಈ ಲೇಖಕನ ಮತ 1, 2, 3ರ ಕಡೆಗೆ. ಕನ್ನಡದ ೦ ಮತ್ತು ಅನುಸ್ವಾರ ನೋಡಲು ಒಂದೇ. ಮೇಲಾಗಿ ಪಕ್ಕದ ವೋಲ್ಟ್ ಮೀಟರು, ಆಂಪಿಯರ್ ಮೀಟರುಗಳು ಕಾರ್ಖಾನೆಯಿಂದ ಆ ಅಂಕೆಗಳನ್ನೇ ಹೊತ್ತು ಬಂದಿರುತ್ತವೆ.

ಜೆರಾಕ್ಸ್ ಅಂಗಡಿಯ ಹಾಳೆ

ಮನೆಯಲ್ಲಿ ಮಾಡಬಹುದಾದ ವಿಧಾನಗಳಲ್ಲಿ ಕನ್ನಡಕ್ಕೆ ಅತ್ಯಂತ ಒಗ್ಗುವುದು ಪಾರದರ್ಶಕ ಹಾಳೆಯ ಹಿಂಬದಿಯಲ್ಲಿ ಮುದ್ರಿಸುವುದು. ಲೇಸರ್ ಮುದ್ರಣಯಂತ್ರವು ಎಷ್ಟೇ ಇಕ್ಕಟ್ಟಾದ ಒತ್ತನ್ನೂ ಸ್ಪಷ್ಟವಾಗಿ ಮೂಡಿಸುತ್ತದೆ; ಅಕ್ಷರ ಬೇರೆಡೆಗೆ ವರ್ಗವಾಗಬೇಕಿಲ್ಲದ್ದರಿಂದ ನಡುವೆ ಕೆಡುವ ಪ್ರಮೇಯವಿಲ್ಲ.

ಮೊದಲಿಗೆ ಫಲಕದ ನಕ್ಷೆಯನ್ನು ನಿಜವಾದ ಅಳತೆಯಲ್ಲಿ ಬರೆದುಕೊಳ್ಳಬೇಕು. ಕೈಗಾರಿಕಾ ಗುಂಡಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ 22 ಮಿ.ಮೀ. ಗಾತ್ರದವಕ್ಕೆ ತಗಡಿನಲ್ಲಿ 22 ಮಿ.ಮೀ.ಗಿಂತ ತುಸು ದೊಡ್ಡ ರಂಧ್ರ ಬೇಕು. ಆದರೆ ಗುಂಡಿಯ ಅಂಚು ಸುಮಾರು 30 ಮಿ.ಮೀ. ಅಗಲ ಹರಡಿಕೊಳ್ಳುತ್ತದೆ. ರಂಧ್ರವನ್ನಷ್ಟೇ ನೋಡಿ ಅಕ್ಷರ ಕೂಡಿಸಿದರೆ ಅರ್ಧ ಅಕ್ಷರ ಅಂಚಿನಡಿ ಅಡಗುತ್ತದೆ. ಹೆಸರು ಗುಂಡಿಯ ಮೇಲ್ಭಾಗದಲ್ಲಿರಲಿ. ಕೆಳಗಿದ್ದರೆ ಒತ್ತುವ ಕೈಯೇ ಅದನ್ನು ಮರೆಮಾಡುತ್ತದೆ. ಮುದ್ರಿಸುವಾಗ ಪುಟಕ್ಕೆ ಹೊಂದಿಸುವ ಆಯ್ಕೆಯನ್ನು ತೆಗೆದು ನೂರಕ್ಕೆ ನೂರು ಅಳತೆಯನ್ನು ಆರಿಸಬೇಕು. ನಕ್ಷೆಯ ಮೂಲೆಯಲ್ಲಿ 100 ಮಿ.ಮೀ. ಗೆರೆಯೊಂದನ್ನು ಎಳೆದಿಟ್ಟರೆ ಅಡಿಪಟ್ಟಿ ಹಿಡಿದು ಕ್ಷಣದಲ್ಲಿ ಪರೀಕ್ಷಿಸಬಹುದು. ಮೊದಲ ಪ್ರತಿ ಸಾದಾ ಕಾಗದದ ಮೇಲಿರಲಿ. ಅದನ್ನೇ ತಗಡಿಗೆ ಅಂಟಿಸಿ, ರಂಧ್ರಗಳ ನಡುಬಿಂದು ಗುರುತಿಸಿ, ಕೊರೆದು, ಅಂಚಿನ ಚೂಪನ್ನು ಅರದಿಂದ ಸವರಿದ ಮೇಲಷ್ಟೇ ಅಕ್ಷರದ ಮಾತು. ಅಕ್ಷರ ಕೂಡಿಸಿ ಆಮೇಲೆ ಕೊರೆಯಹೊರಟರೆ ಲೋಹದ ಚೂರುಗಳು ಹಾಳೆಯನ್ನು ಗೀರುತ್ತವೆ.

ಪಾರದರ್ಶಕ ಹಾಳೆಯ ಮೇಲೆ ಕನ್ನಡಿ ಬಿಂಬವಾಗಿ ಮುದ್ರಿಸಬೇಕು. ಮುದ್ರಿತ ಮುಖ ತಗಡಿನ ಕಡೆಗೆ, ಬೋಳು ಮುಖ ಹೊರಕ್ಕೆ. ಹೀಗೆ ಕೂಡಿಸಿದಾಗ ಅಕ್ಷರ ನೇರವಾಗಿ ಕಾಣುತ್ತದೆ. ಬೆರಳು, ಬೆವರು, ಧೂಳು, ಔಷಧಿ ಸಿಂಪರಣೆಯ ಹನಿ ಯಾವುದೂ ಮಸಿಯನ್ನು ಮುಟ್ಟುವುದಿಲ್ಲ. ಹಿಂದೆ ಬಿಳಿಯ ಹಾಳೆ ಇಟ್ಟರೆ ಅಕ್ಷರ ಎದ್ದು ಕಾಣುತ್ತದೆ. ಒಂದು ಎಚ್ಚರಿಕೆ: ಪುಸ್ತಕಕ್ಕೆ ಸುರುಳಿ ಬೈಂಡಿಂಗ್ ಮಾಡುವಾಗ ಮೇಲೆ ಹೊದಿಸುವ ಪ್ಲಾಸ್ಟಿಕ್ ಹಾಳೆ ಇದಕ್ಕೆ ಆಗದು. ಲೇಸರ್ ಯಂತ್ರದ ಶಾಖಕ್ಕೆ ಅದು ಕರಗಿ ಒಳಗೇ ಅಂಟಿಕೊಂಡೀತು. ಶಾಖ ತಡೆಯುವ ಓಎಚ್‌ಪಿ ಹಾಳೆಯನ್ನೇ ಕೇಳಿ ಪಡೆಯಬೇಕು. ಇಂಕ್‌ಜೆಟ್ ಮುದ್ರಣವೂ ಬೇಡ. ಅದರ ಬಣ್ಣ ತೇವಕ್ಕೆ ಹರಡುತ್ತದೆ, ಬಿಸಿಲಿಗೆ ಬಿಳಿಚುತ್ತದೆ. ಲೇಸರಿನ ಕಪ್ಪು ಮಸಿಯಲ್ಲಿ ಇಂಗಾಲದ ಪುಡಿ ಇರುವುದರಿಂದ ಅದು ಬಿಸಿಲಿಗೆ ಜಗ್ಗುವುದಿಲ್ಲ. ಈ ಕಾರಣಕ್ಕೇ ಅಕ್ಷರವನ್ನು ಕೆಂಪಿನಲ್ಲಿ ಮುದ್ರಿಸುವ ಆಸೆಯನ್ನು ಬಿಡಬೇಕು. ಬಯಲಿನಲ್ಲಿ ಕಪ್ಪೇ ಬಾಳುವುದು.

ಈ ಸರಳ ಉಪಾಯವನ್ನು ಕೀಳಾಗಿ ಕಾಣಬೇಕಾಗಿಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಹಾಗೂ ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ತಯಾರಿಸುವ ಮತಯಂತ್ರದ ಮತದಾನ ಘಟಕವನ್ನು ನೆನಪಿಸಿಕೊಳ್ಳಿ. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲ ಬಾರಿಗೆ ಬಳಕೆಯಾಗಿ, 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಕ್ಷೇತ್ರಗಳನ್ನೂ ತಲುಪಿದ ಯಂತ್ರವದು. ಒಂದು ಘಟಕದಲ್ಲಿ 16 ಹೆಸರುಗಳಿಗೆ ಸ್ಥಳವಿದೆ. ಆ ಹೆಸರುಗಳನ್ನು ಯಂತ್ರದ ಮೈಮೇಲೆ ಕೆತ್ತಿಲ್ಲ. ಆಯಾ ಕ್ಷೇತ್ರದ ಭಾಷೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ಪಾರದರ್ಶಕ ಹೊದಿಕೆಯ ಕೆಳಗೆ ಇರಿಸುತ್ತಾರೆ. ಭಾಷೆ ಬದಲಾದರೂ ಯಂತ್ರ ಬದಲಾಗುವುದಿಲ್ಲ. ತೋಟದ ಪೆಟ್ಟಿಗೆಗೂ ಅದೇ ನ್ಯಾಯ: ನಾಳೆ ಹೊಸದೊಂದು ಗುಂಡಿ ಸೇರಿದರೆ ಹಾಳೆಯೊಂದನ್ನು ಬದಲಿಸಿದರಾಯಿತು.

ಲೋಹದ ಮೇಲೆಯೇ ಬೇಕೆಂದರೆ

ಅಲ್ಯೂಮಿನಿಯಂ ತಗಡಿನ ಮೇಲೆಯೇ ಅಕ್ಷರ ಮೂಡಬೇಕೆನ್ನುವವರಿಗೆ ಇಸ್ತ್ರಿ ಪೆಟ್ಟಿಗೆಯ ವಿಧಾನವಿದೆ. ಲೇಸರ್ ಮಸಿಯೆಂದರೆ ನುಣ್ಣನೆಯ ಪ್ಲಾಸ್ಟಿಕ್ ಪುಡಿ. ಕಾಯಿಸಿದರೆ ಮತ್ತೆ ಕರಗುತ್ತದೆ. ನುಣುಪಾದ ಕಾಗದದ ಮೇಲೆ ಕನ್ನಡಿ ಬಿಂಬವಾಗಿ ಮುದ್ರಿಸಿ, ನಯವಾದ ಉಪ್ಪುಕಾಗದದಿಂದ ಉಜ್ಜಿ ಥಿನ್ನರಿನಿಂದ ಒರೆಸಿದ ತಗಡಿನ ಮೇಲೆ ಬೋರಲು ಹಾಕಿ, ಹಬೆಯಿಲ್ಲದ ಬಿಸಿ ಇಸ್ತ್ರಿಯನ್ನು ಕೆಲವು ನಿಮಿಷ ಒತ್ತಬೇಕು. ಆರಿದ ಮೇಲೆ ನೀರಿನಲ್ಲಿ ನೆನೆಸಿ, ಕಾಗದವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿ ತೆಗೆದರೆ ಮಸಿ ತಗಡಿನ ಮೇಲುಳಿಯುತ್ತದೆ. ಒರೆಸಿದ ತಗಡಿಗೆ ಬೆರಳ ಜಿಡ್ಡು ತಾಗಿದ್ದಲ್ಲಿ ಅಕ್ಷರ ಹಿಡಿಯುವುದಿಲ್ಲ. ಕನ್ನಡಕ್ಕೆ ಇಲ್ಲಿ ದಪ್ಪ ಗೆರೆಯ ಅಕ್ಷರವಿನ್ಯಾಸವೇ ಬೇಕು, ಆದರೆ ಒತ್ತುಗಳ ಹೊಟ್ಟೆ ಮುಚ್ಚಿಹೋಗುವಷ್ಟು ದಪ್ಪವಲ್ಲ. ಮೇಲೆ ಪಾರದರ್ಶಕ ಲ್ಯಾಕರನ್ನು ಸಿಂಪಡಿಸುವಾಗ ಮೊದಲ ಪದರ ಇಬ್ಬನಿಯಷ್ಟು ತೆಳುವಾಗಿರಲಿ. ಒಮ್ಮೆಗೇ ಸುರಿದರೆ ಅದರ ದ್ರಾವಕ ಮಸಿಯನ್ನೇ ಕರಗಿಸುತ್ತದೆ.

ಸರ್ಕ್ಯೂಟ್ ಹಲಗೆಯ ತಾಮ್ರದ ಪದರವನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಕೊರೆದು ತಾಮ್ರದ ಅಕ್ಷರಗಳನ್ನು ಉಳಿಸುವ ವಿಧಾನವೂ ಚೆಂದವೇ. ಆದರೆ ಅದೇ ದ್ರಾವಣಕ್ಕೆ ಅಲ್ಯೂಮಿನಿಯಂ ಇಳಿಸಬಾರದು. ಅದು ಭುಗಿಲೆದ್ದಂತೆ ಕಾದು ಉಕ್ಕುತ್ತದೆ. ಪ್ಲಾಸ್ಟಿಕ್ ತಟ್ಟೆ, ಕೈಗವಸು, ಗಾಳಿಯಾಡುವ ಜಾಗ ಬೇಕು. ಬಳಸಿದ ದ್ರಾವಣದಲ್ಲಿ ತಾಮ್ರ ತುಂಬಿರುತ್ತದೆ. ದ್ರಾಕ್ಷಿಗೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುವವರಿಗೆ ತಾಮ್ರದ ಬಲ ಗೊತ್ತು. ಅಳತೆ ಮೀರಿದರೆ ಎಲೆ ಸುಡುತ್ತದೆ. ಕಾಲುವೆಗೆ, ಗಿಡದ ಬುಡಕ್ಕೆ, ಬಾವಿಯ ಬಳಿಗೆ ಅದನ್ನು ಚೆಲ್ಲುವಂತಿಲ್ಲ. ವಿಲೇವಾರಿಗೆ ದಾರಿಯಿಲ್ಲದವರು ಈ ವಿಧಾನವನ್ನು ಕೈಬಿಡುವುದೇ ಲೇಸು.

ಅಂಗಡಿಗೆ ಹೋಗುವವರಿಗೆ

ಹೆದ್ದಾರಿಯ ಊರುಗಳಲ್ಲಿ ‘ರೇಡಿಯಂ’ ಅಂಗಡಿಗಳಿಗೆ ಬರವಿಲ್ಲ. ಹೆಸರಿನಲ್ಲಿರುವ ರೇಡಿಯಂ ಹಾಳೆಯಲ್ಲಿಲ್ಲ. ಹೊಳೆಯುವುದು ಬೆಳಕನ್ನು ಬಂದ ದಾರಿಗೇ ಹಿಂದಿರುಗಿಸುವ ಸೂಕ್ಷ್ಮ ಗಾಜಿನ ಮಣಿಗಳು. 2019ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವಾದ ಮೇಲೆ ನಂಬರ್ ಪ್ಲೇಟಿನ ಕೆಲಸ ಈ ಅಂಗಡಿಗಳ ಕೈತಪ್ಪಿತು. ಆದರೆ ಟ್ರ್ಯಾಕ್ಟರಿನ ಮೇಲೆ ದೇವರ ಹೆಸರು ಕತ್ತರಿಸಬಲ್ಲ ಯಂತ್ರ ‘ಬಂದ್’ ಎಂದೂ ಕತ್ತರಿಸಬಲ್ಲದು. ರಾತ್ರಿ ಟಾರ್ಚ್ ಹಿಡಿದಾಗ ಹೊಳೆಯುವ ಅಕ್ಷರ ಪಂಪ್‌ಸೆಟ್ಟಿನ ಪೆಟ್ಟಿಗೆಗೆ ತಕ್ಕದ್ದೇ. ಮಿತಿಯೂ ಇದೆ: ಅಲಗಿನಿಂದ ಕತ್ತರಿಸಿ ಅನಗತ್ಯ ಭಾಗವನ್ನು ಕೀಳುವಾಗ ಚಿಕ್ಕ ಒತ್ತುಗಳು ಜೊತೆಗೇ ಕಿತ್ತುಬರುತ್ತವೆ. ದೊಡ್ಡ ಅಕ್ಷರದ ಒಂದೆರಡು ಪದಗಳಿಗಷ್ಟೇ ಇದು ಸರಿ. ಹೆಚ್ಚು ಬರಹವಿದ್ದರೆ ನಗರದ ನಾಮಫಲಕ, ಪಾರಿತೋಷಕದ ಅಂಗಡಿಗಳಲ್ಲಿ ಎರಡು ಬಣ್ಣದ ಪದರವಿರುವ ಅಕ್ರಿಲಿಕ್ ಹಾಳೆಯ ಮೇಲೆ ಲೇಸರ್ ಕೆತ್ತನೆ ಮಾಡಿಸಬಹುದು.

ಎಲ್ಲಿಗೆ ಒಯ್ದರೂ ಎದುರಾಗುವ ಕಿರಿಕಿರಿ ಒಂದೇ. 1998ರಲ್ಲಿ ಬಂದ ಬರಹ, ಆನಂತರದ ನುಡಿ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳು ಯೂನಿಕೋಡ್ ಅಲ್ಲ. ಅದೇ ವಿನ್ಯಾಸ ಅಂಗಡಿಯ ಕಂಪ್ಯೂಟರಿನಲ್ಲಿಲ್ಲದಿದ್ದರೆ ‘ಚಾಲೂ’ ಎಂದು ಬರೆದೊಯ್ದದ್ದು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡಿನಲ್ಲಿ ಬರೆದೊಯ್ದರೂ ಅಂಗಡಿಯಲ್ಲಿ ಹಳೆಯ ಕೋರಲ್ ಡ್ರಾ ಇದ್ದರೆ ಒತ್ತುಗಳು ಕಳಚಿ ಪಕ್ಕದಲ್ಲಿ ನಿಲ್ಲುತ್ತವೆ. ಪರಿಹಾರ ಕಷ್ಟದ್ದಲ್ಲ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ನೋಟೊ ಸ್ಯಾನ್ಸ್ ಕನ್ನಡದಂಥ ಮುಕ್ತ ಅಕ್ಷರವಿನ್ಯಾಸ ಬಳಸಿ ಬರೆದು, ಕೊನೆಯಲ್ಲಿ ಅಕ್ಷರಗಳನ್ನು ರೇಖಾಚಿತ್ರವಾಗಿ ಬದಲಿಸಿ ಪಿಡಿಎಫ್ ಮಾಡಿಕೊಂಡರೆ, ಕನ್ನಡ ಗೊತ್ತಿಲ್ಲದ ಯಂತ್ರವೂ ಕನ್ನಡವನ್ನು ಯಥಾವತ್ತಾಗಿ ಕತ್ತರಿಸುತ್ತದೆ. ರೇಖೆಯಾದ ಮೇಲೆ ಕಾಗುಣಿತ ತಿದ್ದಲಾಗದು. ಮೂಲ ಕಡತವನ್ನು ಬೇರೆಯಾಗಿ ಉಳಿಸಿಕೊಳ್ಳಬೇಕು.

ಪೆಟ್ಟಿಗೆಗೆ ಕೂಡಿಸುವಾಗ

ವಿದ್ಯಾರ್ಥಿಗಳು 12 ವೋಲ್ಟಿನ ಪ್ರಯೋಗಗಳಿಗೆ ಫಲಕವನ್ನು ತಾವೇ ಕೂಡಿಸಬಹುದು. 415 ವೋಲ್ಟಿನ ಪೆಟ್ಟಿಗೆಯ ಬಾಗಿಲಿಗೆ ರಂಧ್ರ ಕೊರೆಯುವ, ಗುಂಡಿ ಕಳಚುವ ಕೆಲಸ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನಿನದು. ಮುಖ್ಯ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು, ವಿದ್ಯುತ್ ಇಲ್ಲವೆಂಬುದನ್ನು ಪರೀಕ್ಷಿಸಿ, ಕೆಪ್ಯಾಸಿಟರಿನಲ್ಲಿ ಉಳಿದಿರಬಹುದಾದ ವಿದ್ಯುತ್ತನ್ನು ಇಳಿಸಿದ ಮೇಲೆಯೇ ಬಾಗಿಲಿಗೆ ಕೈಹಾಕಬೇಕು. ಹೆಸ್ಕಾಂ ಮೀಟರಿನ ಮೇಲೆ ಏನನ್ನೂ ಅಂಟಿಸಕೂಡದು.

ಹಲವರು ಮರೆಯುವುದು ಭೂಸಂಪರ್ಕವನ್ನು. ಬಣ್ಣ, ಲ್ಯಾಕರ್, ಪಾರದರ್ಶಕ ಹಾಳೆ, ಅಕ್ರಿಲಿಕ್ – ಎಲ್ಲವೂ ವಿದ್ಯುತ್ತನ್ನು ತಡೆಯುವ ವಸ್ತುಗಳು. ಅರ್ಥಿಂಗ್ ತಂತಿಯ ತಿರುಪು ಕೂರುವಲ್ಲಿ ಬಣ್ಣವನ್ನು ಕೆರೆದು ಲೋಹ ಹೊಳೆಯುವಂತೆ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿಯಬೇಕು. ಬಾಗಿಲಿಗೆ ಪ್ರತ್ಯೇಕ ತಂತಿ ಬೇಕು. ತುಕ್ಕು ಹಿಡಿದ ಕೀಲನ್ನು ನಂಬುವಂತಿಲ್ಲ. ಗಾಳಿಯ ಕಿಂಡಿಗಳನ್ನು ಹಾಳೆ ಮುಚ್ಚದಂತೆ ನೋಡಿಕೊಳ್ಳಬೇಕು.

ಮುದ್ರಿಸಿದ ಹಾಳೆಯ ಇನ್ನೊಂದು ಪ್ರತಿಯನ್ನು, ಒಳಗಿನ ತಂತಿಗಳ ಬಣ್ಣ ಮತ್ತು ಜೋಡಣೆಯ ನಕ್ಷೆಯೊಡನೆ ಲ್ಯಾಮಿನೇಷನ್ ಮಾಡಿಸಿ ಬಾಗಿಲಿನ ಒಳಮೈಗೆ ಕೂಡಿಸಿಡಿ. ಅದರಲ್ಲಿ ಜೋಡಿಸಿದ ತಿಂಗಳು, ವರ್ಷ ಇರಲಿ. ಮುಂದೆ ಬದಲಾವಣೆ ಮಾಡಿದವರು ತಮ್ಮ ದಿನಾಂಕವನ್ನೂ ಅದರ ಕೆಳಗೆ ಬರೆಯುವಷ್ಟು ಜಾಗ ಬಿಟ್ಟಿರಲಿ.